ಹಳೆಯ ಕೋವಿಗೆ ತಕ್ಕ ಮದ್ದು, ತಕ್ಕ ಗುಂಡು

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ‘ಬೆಡಿ’ ಎಂಬ ಮಾತೊಂದುಂಟು. ಏಪ್ರಿಲ್ ತಿಂಗಳಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯ ರಾತ್ರಿ ಆಕಾಶವನ್ನು ಬೆಳಗುವ ಬಾಣಬಿರುಸೂ ಬೆಡಿಯೇ; ಅಡಕೆ ತೋಟದ ಮನೆಯಲ್ಲಿ ಮೂಲೆಗೆ ಒರಗಿ ನಿಂತಿರುವ ಕೋವಿಯೂ ಬೆಡಿಯೇ. ಎರಡನ್ನೂ ಜನರು ಒಂದೇ ಹೆಸರಿನಿಂದ ಕರೆದುದರಲ್ಲಿ ಸೋಜಿಗವೇನೂ ಇಲ್ಲ. ಎರಡರೊಳಗೂ ಉರಿಯುವುದು ಅದೇ ಕರಿಮದ್ದು. ನಗರವಾಸಿಗಳಾದ ನಮ್ಮ ಶ್ರೋತೃಗಳಲ್ಲಿ ಬಹುಮಂದಿ ಕೋವಿಯನ್ನು ಕೈಯಿಂದ ಮುಟ್ಟಿರಲಾರರು. ಆದರೆ ಪಿತ್ರಾರ್ಜಿತವಾಗಿ ಬಂದ ಹಳೆಯ ಕೋವಿಯನ್ನು ಊರಮನೆಯಲ್ಲಿ ಇಟ್ಟುಕೊಂಡವರು ಕೆಲವರಾದರೂ ಇರಬಹುದು. ಅಂತಹ ಕೋವಿಗೆ ಯಾವ ಮದ್ದು ಸಲ್ಲುವುದು, ಯಾವುದು ಸಲ್ಲದು, ಏಕೆ ಸಲ್ಲದು ಎಂಬುದನ್ನು ಈ ಹೊತ್ತು ವಿಚಾರಿಸೋಣ. ಈ ವಿಷಯದಲ್ಲಿ ತಪ್ಪಿದವರು ತೆರುವ ದಂಡ ಬೆರಳು, ಕೆಲವೊಮ್ಮೆ ಕಣ್ಣು.

ಈ ಸೀಮೆಗೂ ಸೈನ್ಯದ ಕೋವಿಗೂ ಹಳೆಯ ಸಂಬಂಧವಿದೆ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಸುಳ್ಯದ ರೈತರು ಕಂಪನಿ ಸರಕಾರದ ಮೇಲೆ ಎದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರಿನ ಮಾರ್ಗವಾಗಿ ನಡೆದು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದರು. ಆ ಕಾಲದ ಕಂಪನಿ ಸಿಪಾಯಿಯ ಆಯುಧವು ‘ಬ್ರೌನ್ ಬೆಸ್’ ಎಂದು ಹೆಸರಾದ ಚಕಮಕಿ ಕೋವಿ. ಅದರ ನಳಿಗೆಯ ಒಳ ವ್ಯಾಸ ಮುಕ್ಕಾಲು ಅಂಗುಲ. ಅದಕ್ಕೆ ಹಾಕುತ್ತಿದ್ದ ಸೀಸದ ಗುಂಡಿನ ವ್ಯಾಸವಾದರೋ ಸುಮಾರು 0.69 ಅಂಗುಲ. ಇಷ್ಟು ಸಡಿಲವೇಕೆ? ಕರಿಮದ್ದು ಉರಿದಾಗ ಅರ್ಧಕ್ಕೂ ಹೆಚ್ಚಿನ ಭಾಗ ಅನಿಲವಾಗದೆ ಮಸಿಯಾಗಿ, ಕಿಟ್ಟವಾಗಿ ಉಳಿಯುತ್ತದೆ. ಹತ್ತಾರು ಈಡು ಹೊಡೆಯುವಷ್ಟರಲ್ಲಿ ನಳಿಗೆ ಕಿರಿದಾಗುತ್ತದೆ. ಬಿಗಿಯಾದ ಗುಂಡನ್ನು ಹಿಡಿದ ಸಿಪಾಯಿ ಯುದ್ಧದ ನಡುವೆ ಗಜವನ್ನು ಕುಟ್ಟುತ್ತ ನಿಲ್ಲಬೇಕಾಗುತ್ತಿತ್ತು. ಆದುದರಿಂದ ಗುರಿಯನ್ನು ಬಿಟ್ಟು ವೇಗವನ್ನು ಆರಿಸಿಕೊಂಡರು. ಗುಂಡಿನ ಆಯ್ಕೆಯನ್ನು ಮದ್ದೇ ನಿರ್ಣಯಿಸಿತು ಎಂಬುದನ್ನು ಇಲ್ಲಿ ಗಮನಿಸಬೇಕು.

ಮುಂದೆ ಗುರಿಗಾಗಿ ನಳಿಗೆಯೊಳಗೆ ಸುರುಳಿಯಾಗಿ ತೋಡುಗಳನ್ನು ಕೊರೆದರು. ತೋಡು ಗುಂಡನ್ನು ಬುಗುರಿಯಂತೆ ತಿರುಗಿಸುತ್ತದೆ. ತಿರುಗುವ ಗುಂಡು ಹಾದಿ ತಪ್ಪದು. 1853ರ ಎನ್‌ಫೀಲ್ಡ್ ಬಂದೂಕಿನ ಗುಂಡಿನ ಹಿಂಬದಿ ಟೊಳ್ಳು. ಮದ್ದು ಹೊತ್ತಿದೊಡನೆ ಆ ಭಾಗ ಅರಳಿ ತೋಡುಗಳನ್ನು ಕಚ್ಚುವುದು. ತುಂಬುವಾಗ ಸಡಿಲ, ಹೊರಡುವಾಗ ಬಿಗಿ. 1857ರಲ್ಲಿ ಜಿಡ್ಡು ಸವರಿದ ತೋಟಾ ಎಂದು ಕೋಲಾಹಲಕ್ಕೆ ಕಾರಣವಾದುದು ಈ ಬಂದೂಕಿನದೇ. ಅದರ 530 ಗ್ರೇನ್ ತೂಕದ, ಎಂದರೆ ಸುಮಾರು 34 ಗ್ರಾಂನ, ಮೊಂಡು ಗುಂಡಿಗೆ 78 ಅಂಗುಲಕ್ಕೆ ಒಂದು ಸುತ್ತು ಸಾಕಾಗಿತ್ತು. 1871ರ ಮಾರ್ಟಿನಿ–ಹೆನ್ರಿಯ ಗುಂಡು ಸಣ್ಣದು, ಉದ್ದವಾದುದು. ಅದಕ್ಕೆ 22 ಅಂಗುಲಕ್ಕೆ ಒಂದು ಸುತ್ತು ಬೇಕಾಯಿತು. 1888ರ ಲೀ–ಮೆಟ್‌ಫರ್ಡಿನ ಸೂಜಿಯಂತಹ 0.303 ಅಂಗುಲದ ಗುಂಡಿಗೆ 10 ಅಂಗುಲಕ್ಕೊಂದು. ಗುಂಡು ಉದ್ದವಾದಷ್ಟೂ ತಿರುಗುವಿಕೆ ಬಿರುಸಾಗಬೇಕೆಂಬುದು ನಿಯಮ. ಆದುದರಿಂದ ಒಂದು ಬಂದೂಕಿನ ಗುಂಡು ಅಗಲದಲ್ಲಿ ಇನ್ನೊಂದರ ನಳಿಗೆಗೆ ಹಿಡಿಸಿದ ಮಾತ್ರಕ್ಕೆ ಅದಕ್ಕೆ ಒಪ್ಪುವುದೆಂದು ತಿಳಿಯಲಾಗದು. ಹೆಸರಿನ ಅಳತೆಯನ್ನೂ ನಂಬುವಂತಿಲ್ಲ: 0.303ರ ಬಂದೂಕಿನ ಗುಂಡಿನ ನಿಜವಾದ ವ್ಯಾಸ 0.311 ಅಂಗುಲ. ಬಲ್ಲವರು ಮೆದುಸೀಸದ ತುಂಡೊಂದನ್ನು ನಳಿಗೆಯಲ್ಲಿ ತೂರಿಸಿ, ಹೊರಬಂದುದನ್ನು ಅಳೆದು, ಆಮೇಲೆ ಗುಂಡನ್ನು ಗೊತ್ತುಮಾಡುತ್ತಾರೆ.

ಇನ್ನು ಮದ್ದಿನ ಮಾತು. ನಮ್ಮ ವಿಚಾರದ ತಿರುಳು ಇಲ್ಲಿದೆ.

ಕರಿಮದ್ದೆಂಬುದು ಪೆಟ್ಲುಪ್ಪು, ಇದ್ದಲು, ಗಂಧಕಗಳ ಬೆರಕೆ. ಇದರ ಉರಿಯ ವೇಗವು ಬಹುಮಟ್ಟಿಗೆ ಹರಳಿನ ಗಾತ್ರವನ್ನು ಅನುಸರಿಸುತ್ತದೆ. ಸಣ್ಣ ಹರಳು ಬೇಗ, ದೊಡ್ಡ ಹರಳು ನಿಧಾನ. 1884ರಲ್ಲಿ ಪಾಲ್ ವಿಯೇಲ್ ಎಂಬ ಫ್ರೆಂಚ್ ವಿಜ್ಞಾನಿ ಸಿದ್ಧಪಡಿಸಿದ ಹೊಗೆಯಿಲ್ಲದ ಮದ್ದು ಬೇರೆಯೇ ಜಾತಿಯದು. ಸಮತೂಕದಲ್ಲಿ ಇದರ ಶಕ್ತಿ ಕರಿಮದ್ದಿನದಕ್ಕಿಂತ ಬಹಳ ಹೆಚ್ಚು. ಅದಕ್ಕಿಂತಲೂ ಮುಖ್ಯವಾದ ಗುಣ ಇನ್ನೊಂದುಂಟು: ಒತ್ತಡ ಏರಿದಂತೆ ಇದರ ಉರಿ ಬಿರುಸಾಗುವುದು, ಉರಿ ಬಿರುಸಾದಂತೆ ಒತ್ತಡ ಮತ್ತೂ ಏರುವುದು. ಒಲೆಯ ಮೇಲಿನ ಹಾಲು ಒಮ್ಮೆಗೇ ಉಕ್ಕಿಬರುವುದನ್ನು ನೋಡಿದವರಿಗೆ ಇದು ಅರ್ಥವಾದೀತು. ಗುಂಡು ಭಾರವಾದರೆ, ಬಿಗಿಯಾದರೆ, ತೋಟಾದಲ್ಲಿ ಆಳವಾಗಿ ಕುಳಿತರೆ, ಮದ್ದಿನ ಪ್ರಮಾಣ ಮೊದಲಿನಷ್ಟೇ ಇದ್ದರೂ ಒತ್ತಡ ಎಲ್ಲಿಂದೆಲ್ಲಿಗೋ ಏರುತ್ತದೆ. ಆದುದರಿಂದಲೇ ತೋಟಾ ತಯಾರಿಸುವ ಶಾಲೆಗಳಲ್ಲಿ ಇಂಥ ಮದ್ದಿಗೆ ಇಂಥ ತೂಕದ ಗುಂಡು ಎಂದು ಪರೀಕ್ಷಿಸಿದ ಪಟ್ಟಿಯನ್ನು ಬಿಟ್ಟು ಒಂದು ಹೆಜ್ಜೆಯೂ ಅತ್ತಿತ್ತ ಇಡರು.

ಮದ್ದು, ಗುಂಡು, ನಳಿಗೆ ಈ ಮೂರೂ ಕೂಡಿ ಬಾಳಬೇಕೆಂಬುದಕ್ಕೆ ಲೀ–ಮೆಟ್‌ಫರ್ಡಿನ ಕಥೆಯೇ ನಿದರ್ಶನ. ಅದರ ತೋಡುಗಳು ಆಳವಿಲ್ಲದವು, ಅಂಚು ದುಂಡಾದವು; ಕರಿಮದ್ದಿನ ಕಿಟ್ಟ ಹಿಡಿಯದಿರಲೆಂದು ಹಾಗೆ ಕೊರೆದಿದ್ದರು. ಕೆಲವೇ ವರ್ಷಗಳಲ್ಲಿ ಕರಿಮದ್ದು ಹೋಗಿ ಕಾರ್ಡೈಟ್ ಬಂದಿತು. ಕಿಟ್ಟದ ಕಾಟ ಅಡಗಿತು. ಆದರೆ ಕಾರ್ಡೈಟಿನ ಉರಿಯ ಕಾವಿಗೆ ಆ ಮೆಲುದೋಡುಗಳು ಸವೆದುಹೋದವು. 1895ರಲ್ಲಿ ಆಳವಾದ ಎನ್‌ಫೀಲ್ಡ್ ತೋಡನ್ನು ತರಬೇಕಾಯಿತು. ಕಾರ್ಡೈಟಿನಲ್ಲಿಯೂ ನೈಟ್ರೊಗ್ಲಿಸರಿನ್ನಿನ ಪಾಲನ್ನು ಮುಂದೆ ನೂರಕ್ಕೆ 58ರಿಂದ 30ಕ್ಕೆ ಇಳಿಸಿದರು. 1910ರಲ್ಲಿ 215 ಗ್ರೇನಿನ ಮೊಂಡು ಗುಂಡಿಗೆ ಬದಲಾಗಿ 174 ಗ್ರೇನಿನ ಚೂಪು ಗುಂಡು ಬಂದಾಗ ಬಂದೂಕಿನ ಗುರಿಪಟ್ಟಿಯ ಅಂಕಗಳನ್ನೇ ತಿದ್ದಬೇಕಾಯಿತು. ನಮ್ಮ ದೇಶದ ಕಾರ್ಡೈಟ್ ಕಾರ್ಖಾನೆಯು ನೀಲಗಿರಿಯ ಅರುವಂಕಾಡಿನಲ್ಲಿ 1903ರಲ್ಲಿ ಸ್ಥಾಪಿತವಾಯಿತು.

ಈ ಬಂದೂಕುಗಳಲ್ಲಿ ಒತ್ತಡವು ಚದರ ಅಂಗುಲಕ್ಕೆ 18–19 ಟನ್ನುಗಳವರೆಗೆ ಏರುತ್ತದೆ. ಅದನ್ನು ತಾಳಲೆಂದೇ ಅವುಗಳ ಉಕ್ಕನ್ನು ಹದಗೊಳಿಸಿರುತ್ತಾರೆ. ತೋಟದ ಮನೆಯ ಕೇಪಿನ ಕೋವಿಯ ನಳಿಗೆಗೆ ಆ ಶಕ್ತಿಯೆಲ್ಲಿಯದು? ಹೊಗೆಯಿಲ್ಲದ ತೋಟಾವನ್ನು ಬಿಚ್ಚಿ, ಅದರ ಮದ್ದನ್ನು ಕರಿಮದ್ದಿನ ಅಳತೆಯ ಕೊಳವೆಯಲ್ಲೇ ಅಳೆದು, ಬಾಯಿಯಿಂದ ತುಂಬುವ ಕೋವಿಗೆ ಸುರಿದರೆ ಅದು ಕೋವಿಯಾಗಿ ಉಳಿಯದು, ಸಿಡಿಗುಂಡಾಗುವುದು. “ಸ್ವಲ್ಪವೇ ಹಾಕಿದರಾಯಿತು” ಎಂಬ ಮಾತಿಗೂ ಇಲ್ಲಿ ಎಡೆಯಿಲ್ಲ. ಹಳೆಯ ಕೋವಿಗೆ ಕರಿಮದ್ದೊಂದೇ ಮದ್ದು; ಅದೂ ಪರವಾನಿಗೆಯುಳ್ಳ ಅಂಗಡಿಯಿಂದ ತಂದುದು. ಬಾಣಬಿರುಸಿನಿಂದ ಬಿಚ್ಚಿದ ಪುಡಿ, ಮನೆಯಲ್ಲಿ ಅರೆದ ಪುಡಿ ಎರಡೂ ವರ್ಜ್ಯ: ಮೊದಲನೆಯದರಲ್ಲಿ ಏನು ಬೆರೆತಿದೆಯೋ ತಿಳಿಯದು, ಎರಡನೆಯದು ಅರೆಯುವಾಗಲೇ ಪ್ರಾಣಕ್ಕೆ ಬರುವುದು, ಮೇಲಾಗಿ ಕಾನೂನಿನಲ್ಲಿ ಅಪರಾಧ.

ಕರಿಮದ್ದನ್ನೇ ಹಾಕಿದರೂ ಒಂದು ಎಚ್ಚರ ಬೇಕು. ಗುಂಡು ಅಥವಾ ಚರೆ, ನಡುವಿನ ತೆಂಗಿನ ನಾರಿನ ಬಿರಡೆ, ಮದ್ದು ಇವುಗಳ ನಡುವೆ ಬರಿದು ಜಾಗ ಉಳಿಯಬಾರದು. ಗುಂಡು ಅರ್ಧದಾರಿಯಲ್ಲಿ ಸಿಕ್ಕಿಕೊಂಡಿದ್ದರೆ, ಹಿಂದಿನಿಂದ ನುಗ್ಗಿದ ಅನಿಲ ಅಲ್ಲಿ ತಡೆದು ನಳಿಗೆಯನ್ನು ಉಬ್ಬಿಸುವುದು ಇಲ್ಲವೆ ಸೀಳುವುದು. ಒಮ್ಮೆ ತುಂಬಿದ್ದನ್ನು ಮರೆತು ಮತ್ತೊಮ್ಮೆ ತುಂಬುವುದೂ ಉಂಟು. ಇದಕ್ಕಾಗಿಯೇ ಜಾಣರು ಬರಿಯ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುವುದು, ತುಂಬಿದಾಗ ಎಲ್ಲಿಯವರೆಗೆ ಎಂದು ಗಜದ ಮೇಲೆ ಎರಡು ಗೀರು ಹಾಕಿಡುತ್ತಾರೆ. ಕಾಸು ಖರ್ಚಿಲ್ಲದ ಈ ಉಪಾಯಕ್ಕಿಂತ ಮೇಲಾದುದನ್ನು ನಾವು ಕಾಣೆವು.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. 1959ರ ಆಯುಧ ಕಾಯಿದೆಯ 13ನೆಯ ಕಲಮು, ಬೆಳೆಯ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಯನ್ನು ಹೆಸರಿಸಿಯೇ ಪರವಾನಿಗೆಗೆ ಅವಕಾಶವಿತ್ತಿದೆ. ಪರವಾನಿಗೆಯಿದ್ದ ಮಾತ್ರಕ್ಕೆ ಕಾಡುಹಂದಿಯನ್ನು ಹೊಡೆಯುವ ಹಕ್ಕು ಬಾರದು. ಅದಕ್ಕೆ 1972ರ ವನ್ಯಜೀವಿ ರಕ್ಷಣಾ ಕಾಯಿದೆ ಅಡ್ಡವಿದೆ. ಸೈನ್ಯದ 0.303 ತೋಟಾ ಖಾಸಗಿಯವರಿಗೆ ನಿಷಿದ್ಧವಾದುದರಿಂದ, ಅದೇ ಲೀ–ಎನ್‌ಫೀಲ್ಡಿನ ರಚನೆಯ 0.315 ಬಂದೂಕನ್ನು ಈಶಾಪುರದ ಕಾರ್ಖಾನೆಯಲ್ಲಿ ತಯಾರಿಸಿದರು. ಎರಡರ ಹೆಸರೂ ರೂಪವೂ ಹತ್ತಿರ. ತೋಟಾ ಮಾತ್ರ ಒಂದಕ್ಕೊಂದು ಸಲ್ಲದು. ಸುಳ್ಯದಿಂದ ಘಟ್ಟ ಹತ್ತಿದರೆ ಸಿಕ್ಕುವ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯ ವಿನಾಯಿತಿಯುಂಟು. ಘಟ್ಟದ ಕೆಳಗಿನ ರೈತನಿಗೆ ಅದಿಲ್ಲ. ಚುನಾವಣೆ ಬಂದಿತೆಂದರೆ ಅವನು ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಹಂದಿಗಳಿಗೆ ಚುನಾವಣೆ ಗೊತ್ತಿಲ್ಲವೆಂದು ಅವನ ದೂರು. ಅದರಲ್ಲಿ ಹುರುಳಿಲ್ಲವೆಂದು ಹೇಳಲಾರೆವು.

ಕೊನೆಯದಾಗಿ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕು ಸುರಿಯುವ ನಾಡಿನಲ್ಲಿ ಕರಿಮದ್ದಿನ ಕಿಟ್ಟವೂ ಹಳೆಯ ಕೇಪುಗಳ ಉಪ್ಪೂ ಗಾಳಿಯ ತೇವವನ್ನು ಹೀರಿ, ಒಂದೆರಡು ದಿನಗಳಲ್ಲಿಯೇ ನಳಿಗೆಗೆ ತುಕ್ಕು ತರುತ್ತವೆ. ಇದನ್ನು ಎಣ್ಣೆ ಕರಗಿಸದು, ನೀರು ಕರಗಿಸುವುದು. ಈಡು ಹೊಡೆದ ದಿನವೇ ಬಿಸಿನೀರಿನಿಂದ ನಳಿಗೆಯನ್ನು ತೊಳೆದು, ಒಣಬಟ್ಟೆಯಿಂದ ಒರಸಿ, ಆ ಬಳಿಕ ಎಣ್ಣೆ ಸವರಬೇಕು. ತುಂಬಿದ ಕೋವಿಯನ್ನು ಆಟಿಯ ಮಳೆಯಲ್ಲಿ ಹಾಗೆಯೇ ಇಟ್ಟು, ಮದ್ದು ಹಸಿಯಾಗಿದೆಯೆಂದು ಬೆಂಕಿಯ ಬಳಿ ಒಣಗಿಸಹೋಗುವುದು ಅನಾಹುತ. ಕೇಪನ್ನು ತೆಗೆದು, ನಳಿಗೆಯ ಬಾಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ, ನೀರು ಹೊಯ್ದು ಮದ್ದನ್ನು ಪೂರಾ ನೆನೆಸಿ, ಗಜದ ತುದಿಗೆ ಸಿಕ್ಕಿಸುವ ತಿರುಪಿನಿಂದ ಬಿರಡೆಯನ್ನು ಎಳೆದು, ಉಳಿದುದನ್ನು ಹೊರಗೆ ಸುರಿಯಬೇಕು.