ರಕ್ತಶೋಧನೆಯೂ ಕಾಮಾಲೆಯ ವೈರಸ್ಸೂ

ಮೂತ್ರಪಿಂಡಗಳು ಕೆಲಸ ನಿಲ್ಲಿಸಿದರೆ ದೇಹದ ಕಶ್ಮಲಗಳು ರಕ್ತದಲ್ಲಿಯೇ ಉಳಿದು ವಿಷವಾಗುವುವು. ಆಗ ರಕ್ತವನ್ನು ಹೊರತೆಗೆದು, ಯಂತ್ರದಲ್ಲಿ ಶೋಧಿಸಿ, ಮರಳಿ ದೇಹಕ್ಕೆ ಸೇರಿಸಬೇಕಾಗುತ್ತದೆ. ಇದೇ ಹೀಮೋಡಯಾಲಿಸಿಸ್. ಸೋಮವಾರಪೇಟೆಯ ಕಾಫಿತೋಟದ ಕೂಲಿಯಾಗಲಿ, ಬೆಂಗಳೂರಿನ ವರ್ತಕನಾಗಲಿ, ಈ ಚಿಕಿತ್ಸೆ ಬೇಕಾದವನು ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಸುಮಾರು 4 ಗಂಟೆ, ಯಂತ್ರದ ಬಳಿ ಮಲಗಬೇಕು. ನಮ್ಮ ದೇಹದಲ್ಲಿರುವ ರಕ್ತ ಸುಮಾರು 5 ಲೀಟರು. ನಿಮಿಷಕ್ಕೆ 250 ಮಿಲಿಲೀಟರಿನಂತೆ ಹರಿದರೆ 4 ಗಂಟೆಯಲ್ಲಿ 60 ಲೀಟರು ಯಂತ್ರವನ್ನು ಹಾಯುವುದು. ಎಂದರೆ ಅದೇ ರಕ್ತ ಹನ್ನೆರಡು ಸಲ ಹೊರಗೆ ಬಂದು ಹೋಗುವುದು.

ರಕ್ತ ಹೊರಬರುವ ಕಡೆ ರಕ್ತದಿಂದ ಹರಡುವ ರೋಗಗಳಿಗೂ ಅವಕಾಶವುಂಟು. ಇವುಗಳಲ್ಲಿ ಮುಖ್ಯವಾದವು ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಮತ್ತು ಸಿ. 1969–70ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಡಯಾಲಿಸಿಸ್ ಕೇಂದ್ರದಲ್ಲಿ ಬಿ ವೈರಸ್ ಹಬ್ಬಿದಾಗ ರೋಗಿಗಳಷ್ಟೇ ಅಲ್ಲ, ಆಸ್ಪತ್ರೆಯ ಸಿಬ್ಬಂದಿಯೂ ಪ್ರಾಣ ಕಳೆದುಕೊಂಡರು.

ವೈರಸ್ಸು ಯಂತ್ರದ ಪೊರೆಯನ್ನು ದಾಟಿ ಬರುವುದೇ? ಹಾಗಲ್ಲ. ಬಿ ವೈರಸ್ಸಿನ ಅಡ್ಡಳತೆ ಸುಮಾರು 42 ನ್ಯಾನೋಮೀಟರು. ಹರಿಯದ ಪೊರೆಯ ರಂಧ್ರಗಳು ಅದಕ್ಕಿಂತ ಬಹಳ ಕಿರಿದು. ನಿಜವಾದ ದಾರಿ ಬೇರೆ: ಬದಲಿಸದ ಕೈಗವಸು, ಒರೆಸದ ಮಂಚ, ಹಲವರಿಗೆ ಒಂದೇ ಔಷಧದ ಸೀಸೆ. ಕಣ್ಣಿಗೆ ಕಾಣದಷ್ಟು ರಕ್ತ ಒಣಗಿ ಉಳಿದಿದ್ದರೂ ಬಿ ವೈರಸ್ಸು ಅದರಲ್ಲಿ 7 ದಿನಗಳವರೆಗೆ ಜೀವ ಹಿಡಿದಿರಬಲ್ಲದು.

ಆರೋಗ್ಯವಂತ ವಯಸ್ಕರಲ್ಲಿ ಹೆಚ್ಚಿನವರು ಬಿ ವೈರಸ್ಸನ್ನು ತಾವೇ ಜಯಿಸುತ್ತಾರೆ. ಮೂತ್ರಪಿಂಡ ಸೋತವರ ರೋಗನಿರೋಧಶಕ್ತಿ ಕುಗ್ಗಿರುವುದರಿಂದ ಅವರಲ್ಲಿ ಅನೇಕರಿಗೆ ಅದು ದೀರ್ಘಕಾಲ ನೆಲೆಸುವುದು. ಕಾಮಾಲೆಯ ಹಳದಿಯೂ ಕಾಣಿಸದೆ ಇರಬಹುದು; ಒಳಗೊಳಗೇ ಯಕೃತ್ತು ಗಟ್ಟಿಯಾಗಿ ಕ್ಯಾನ್ಸರಿಗೂ ತಿರುಗಬಹುದು. ಆದುದರಿಂದ ರಕ್ತಪರೀಕ್ಷೆಯೊಂದೇ ಗುರುತು.

ಬಿ ವೈರಸ್ಸಿಗೆ ಲಸಿಕೆಯುಂಟು. ಡಯಾಲಿಸಿಸ್ ರೋಗಿಗೆ ಸಾಮಾನ್ಯ ಪ್ರಮಾಣ ಸಾಲದು. ಅದರ ಇಮ್ಮಡಿಯನ್ನು ಕೊಟ್ಟು, ರಕ್ಷಣೆ ಮೂಡಿತೇ ಎಂದು ಮತ್ತೆ ಪರೀಕ್ಷಿಸಬೇಕು. ಸೋಂಕಿದ್ದವರಿಗೆ ಪ್ರತ್ಯೇಕ ಯಂತ್ರವೂ ಪ್ರತ್ಯೇಕ ಸ್ಥಳವೂ ಬೇಕು. 1989ರಲ್ಲಿ ಗುರುತಿಸಲಾದ ಸಿ ವೈರಸ್ಸಿಗೆ ಲಸಿಕೆಯಿಲ್ಲ. ಆದರೆ ಇಂದಿನ ಮಾತ್ರೆಗಳು ಎರಡು ಮೂರು ತಿಂಗಳಲ್ಲಿ ನೂರಕ್ಕೆ 95ರಷ್ಟು ಮಂದಿಯನ್ನು ಗುಣಪಡಿಸುತ್ತವೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ.

ನಮ್ಮ ಮನೆಯವರೊಬ್ಬರು ಡಯಾಲಿಸಿಸ್‌ಗೆ ಹೋಗುತ್ತಿದ್ದರೆ ನಾವು ಮೂರು ಪ್ರಶ್ನೆ ಕೇಳೋಣ: ಬಿ ಮತ್ತು ಸಿ ಪರೀಕ್ಷೆ ಆಯಿತೇ? ಲಸಿಕೆ ಪೂರ್ತಿಯಾಯಿತೇ? ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ಕೈ ತೊಳೆದು ಕೈಗವಸು ಬದಲಿಸಿದರೇ? ಮೂತ್ರಪಿಂಡದ ಕೆಲಸವನ್ನು ಯಂತ್ರ ಮಾಡೀತು. ಯಕೃತ್ತಿನ ಕೆಲಸ ಮಾಡಲು ಅಂತಹ ಯಂತ್ರವಿಲ್ಲ.