ಚೈನ್‌ಸಾ ಹಲ್ಲು ನೀಲಿಯಾದರೆ ಚೆನ್ನಾಗಿ ಹರಿತವಾಯಿತೆಂದೇ?

ಬೆಂಚ್ ಗ್ರೈಂಡರಿನಲ್ಲಿ ಚೈನ್‌ಸಾ ಚೈನಿಗೆ ಸಾಣೆ ಹಿಡಿಯುವಾಗ ಕೆಲವೊಮ್ಮೆ ಹಲ್ಲಿನ ತುದಿ ನೀಲಿಯಾಗುತ್ತದೆ. ಚೆನ್ನಾಗಿ ಹರಿತವಾಯಿತು ಎಂದು ನಾವು ಖುಷಿಪಡುತ್ತೇವೆ. ನಿಜವೆಂದರೆ, ಅದು ಹಲ್ಲು ಕೆಟ್ಟದ್ದರ ಗುರುತು.

ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಮೇಲೆ ತೆಳುವಾದ ಆಕ್ಸೈಡ್ ಪದರ ಮೂಡಿ ನೀಲಿಯಾಗಿ ಕಾಣುತ್ತದೆ. ಆ ಬಿಸಿಗೆ ಹಲ್ಲಿನ ಗಡಸುತನ ಇಳಿಯುತ್ತದೆ. ಆಮೇಲೆ ನೀರಿಗೆ ಅದ್ದಿದರೂ ಅದು ಮರಳುವುದಿಲ್ಲ. ಹಲ್ಲು ಬೇಗ ಮೊಂಡಾಗುತ್ತದೆ. ಮೊಂಡು ಚೈನು ಚಕ್ಕೆಯ ಬದಲು ನುಣ್ಣನೆಯ ಹುಡಿ ಉದುರಿಸುತ್ತದೆ. ಆಗ ನಾವು ಯಂತ್ರವನ್ನು ಬಲವಾಗಿ ಒತ್ತತೊಡಗುತ್ತೇವೆ. ಅಪಾಯ ಇರುವುದು ಅಲ್ಲೇ.

ಹಾಗಾಗಿ ಸಾಣೆಕಲ್ಲನ್ನು ಒತ್ತಿ ಹಿಡಿಯದೆ, ಮುಟ್ಟಿಸಿ ಬಿಡುತ್ತ ಸ್ವಲ್ಪ ಸ್ವಲ್ಪವೇ ಮಸೆಯೋಣ. ಎಲ್ಲ ಹಲ್ಲುಗಳ ಉದ್ದವೂ ಸಮನಾಗಿರಲಿ. ಒಂದು ಬದಿಯವು ಗಿಡ್ಡವಾದರೆ ಮರ ಓರೆಯಾಗಿ ಕೊಯ್ಯುತ್ತದೆ. ಕಿಡಿ ಹಾರುವ ಕೆಲಸವಿದು, ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು.