ಕೀವಾಗದ ಗಾಯ

ಮುಳ್ಳು ಚುಚ್ಚಿದ ಮಗುವಿನ ಕಾಲು ಕೆಂಪೇರಿ, ಬಾತು, ಕೀವು ತುಂಬಿದುದನ್ನು ಕಂಡು ಕಳವಳಗೊಳ್ಳುವ ತಾಯಿಗೆ, ಆ ಕೀವು ಬಹುಮಟ್ಟಿಗೆ ರೋಗಾಣುಗಳೊಡನೆ ಹೋರಾಡಿ ಮಡಿದ ಬಿಳಿಯ ರಕ್ತಕಣಗಳ ರಾಶಿಯೆಂದೂ, ಮೈಯ ಕಾವಲು ನೆಟ್ಟಗಿರುವುದಕ್ಕೆ ಅದೇ ಸಾಕ್ಷಿಯೆಂದೂ ಹೇಳಿದರೆ ಸಮಾಧಾನವಾಗಲಾರದು. ಆದರೂ ಮಾತು ನಿಜ. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ತಗುಲಿದ ಮಗುವಿನಲ್ಲಿ, ಈ ಕಣಗಳು ಹುಟ್ಟುವ ಅಸ್ಥಿಮಜ್ಜೆಯನ್ನು ರೋಗವು ಆಕ್ರಮಿಸಿ, ಅಳಿದುಳಿದುದನ್ನು ಔಷಧವೂ ಬರಿದುಮಾಡಿದಾಗ, ಹುಣ್ಣು ನೋಯುವುದಲ್ಲದೆ ಕೀವುಗಟ್ಟದು. ಶ್ವಾಸಕೋಶಕ್ಕೆ ಸೋಂಕು ತಗುಲಿದರೂ ಕ್ಷಕಿರಣ ಚಿತ್ರದಲ್ಲಿ ನೆರಳು ಮೂಡದಿರಬಹುದು. ಅನೇಕ ವೇಳೆ ಉಳಿಯುವ ಸೂಚನೆ ಒಂದೇ, ಜ್ವರ.

1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರು, ಆಂಧ್ರದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಶಾಲೆಯಿಂದ ಬಂದ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟು, ಈ ರೋಗದ 16 ಮಕ್ಕಳಲ್ಲಿ 10 ಮಂದಿ ಕೆಲಕಾಲ ಚೇತರಿಸಿಕೊಂಡುದನ್ನು ಪ್ರಕಟಿಸಿದರು. ಮುಂದೆ ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈರೈಕ್ ಮೊದಲಾದವರು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕೊಟ್ಟು ರಕ್ತಸ್ರಾವದ ಸಾವುಗಳನ್ನು ತಗ್ಗಿಸಿದರು. ಒಂದು ಬಾಗಿಲು ಮುಚ್ಚಿದೊಡನೆ ಮೃತ್ಯು ಇನ್ನೊಂದರಿಂದ, ಸೋಂಕಿನ ರೂಪದಲ್ಲಿ, ಒಳಹೊಕ್ಕಿತು.

ಅದೇ ಸಂಸ್ಥೆಯಲ್ಲಿ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು 52 ಮಂದಿ ರೋಗಿಗಳ ಬಿಳಿಕಣಗಳ ಎಣಿಕೆಯನ್ನೂ ಅವರಿಗೆ ತಗುಲಿದ ಸೋಂಕುಗಳನ್ನೂ ತಾಳೆನೋಡಿ 1966ರಲ್ಲಿ ಪ್ರಕಟಿಸಿದ ಲೇಖನವು, ನನ್ನ ಎಣಿಕೆಯಲ್ಲಿ, ಯಾವ ಹೊಸ ಔಷಧಕ್ಕೂ ಕಡಮೆಯಾದುದಲ್ಲ. ಘನ ಮಿಲಿಮೀಟರು ರಕ್ತದಲ್ಲಿ, ರೋಗಾಣುಗಳೊಡನೆ ಹೋರಾಡುವ ಬಿಳಿಕಣಗಳಾದ ಗ್ರಾನ್ಯುಲೋಸೈಟ್‌ಗಳು 1000ಕ್ಕಿಂತ ಕೆಳಗಿಳಿದಂತೆ ಅಪಾಯವೇರುವುದೆಂದೂ, 100ರ ಕೆಳಗೆ ಅದು ಘೋರವೆಂದೂ, ಆ ಬರ ಎಷ್ಟು ದಿನ ಮುಂದುವರಿದರೆ ಅಷ್ಟು ಕೇಡೆಂದೂ ಅದು ತೋರಿಸಿತು. ಈಗಲೂ ವಾರ್ಡಿನಲ್ಲಿ ತಾಯಂದಿರು ಪರಸ್ಪರ ಕುಶಲಪ್ರಶ್ನೆಗೆ ಬದಲಾಗಿ “ಕೌಂಟ್ ಎಷ್ಟು?” ಎಂದು ಕೇಳುವುದರ ಮೂಲ ಇಲ್ಲಿದೆ.

ಶತ್ರುವಿನ ಹೆಸರು ತಿಳಿದ ಮೇಲೆಯೇ ಬಾಣ ಹೂಡಬೇಕೆಂಬುದು ವೈದ್ಯರು ಕಲಿತಿದ್ದ ಪಾಠ. ಆದರೆ ರಕ್ತದಲ್ಲಿನ ರೋಗಾಣು ಪ್ರಯೋಗಶಾಲೆಯಲ್ಲಿ ಬೆಳೆದು ಗುರುತು ಸಿಗಲು ಎರಡು ಮೂರು ದಿನ ಬೇಕು. ತೇವವಿದ್ದೆಡೆಯೆಲ್ಲ ಬದುಕಬಲ್ಲ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಅಷ್ಟರೊಳಗೆ ಕೊಂದೇಬಿಡಬಲ್ಲುದು. ಆದುದರಿಂದ ಬಾಲ್ಟಿಮೋರಿನ ಸ್ಟೀಫನ್ ಶಿಂಫ್ ಮತ್ತು ಸಹೋದ್ಯೋಗಿಗಳು ಜ್ವರ ಕಂಡೊಡನೆ, ವರದಿಗೆ ಕಾಯದೆ, ಆಂಟಿಬಯಾಟಿಕ್‌ಗಳಾದ ಕಾರ್ಬೆನಿಸಿಲಿನ್ ಮತ್ತು ಜೆಂಟಮೈಸಿನ್‌ಗಳನ್ನು ಒಟ್ಟಿಗೆ ಕೊಟ್ಟು, ಅದರ ಫಲವನ್ನು 1971ರಲ್ಲಿ ಪ್ರಕಟಿಸಿದರು.

ಔಷಧಗಳು ಬದಲಾಗಿವೆ, ಕ್ರಮ ಉಳಿದಿದೆ. ನಡುರಾತ್ರಿ ಥರ್ಮಾಮೀಟರು 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಸಿದ್ಧವಾಗಿಯೇ ಇಟ್ಟ ಚೀಲವನ್ನೆತ್ತಿಕೊಂಡು ಮನೆಯವರು ಆಸ್ಪತ್ರೆಗೆ ಧಾವಿಸುತ್ತಾರೆ. ಗಂಟೆಯೊಳಗೆ ಆಂಟಿಬಯಾಟಿಕ್ ಹನಿಯತೊಡಗಬೇಕು. ಎರಡು ದಿನ ಕಳೆದು ಪ್ರಯೋಗಶಾಲೆಯ ವರದಿ ಬರುತ್ತದೆ; ಬಹುಪಾಲು ಸಲ ಅದರಲ್ಲಿ ಯಾವ ರೋಗಾಣುವಿನ ಹೆಸರೂ ಇರುವುದಿಲ್ಲ.